ದೊರೆಗೆ ಎರಡು ಹೊತ್ತಿನ ಸೂಜಿ

"ನನ್ನ ಬೆಕ್ಕಿಗೆ ಬಣ್ಣ ಕುಡಿಸಿದೋರು ಯಾರು?!"

ಅವಳು ಕೂಗಿದ ರಭಸಕ್ಕೆ ಬಣ್ಣದಂಗಡಿಯ ಮೂರು ಗೋಡೆಗಳ ಡಬ್ಬಿಗಳೆಲ್ಲ ಒಟ್ಟಿಗೆ ನಡುಗಿದವು. ಮೇಲಿನ ಸಾಲಿನಲ್ಲಿದ್ದ ಬಿಳಿ ಬಣ್ಣವೊಂದು ಹೆದರಿ ಇನ್ನಷ್ಟು ಬಿಳಿಚಿಕೊಂಡಿತು. ಉತ್ಪ್ರೇಕ್ಷೆ ಅಂದರೆ ನನಗೆ ಮೊದಲಿನಿಂದಲೂ ಆಗದು. ಇದ್ದದ್ದನ್ನು ಇದ್ದಷ್ಟೇ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಬೇಕು.

ಅವಳು ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಪರದೆ ಹೊಲಿಯುವವಳು. ಕಂಕುಳಲ್ಲಿ ಒಂದು ಕಂದು ಬೆಕ್ಕು. ಅದರ ನಾಲ್ಕೂ ಪಾದಗಳು ನೀಲಿ.

ಅಂಗಡಿಯವನು ತಲೆಯೆತ್ತಿ ನೋಡಿದ. ಅವನ ಕೈಯಲ್ಲಿ ದೊಡ್ಡದೊಂದು ಡಬ್ಬಿ. ಅಂಗಡಿಯಲ್ಲಿ ಬಣ್ಣ ಬೆರೆಸುವ ಮೆಷಿನ್ ಇಲ್ಲದ್ದರಿಂದ ಡಬ್ಬಿಗಳನ್ನು ಅವನೇ ಎರಡು ಕೈಯಲ್ಲಿ ಹಿಡಿದು ಕುಲುಕುತ್ತಿದ್ದ. ಗಟ್ ಗಟ್ ಗಟ್ ಅನ್ನುವ ಆ ಸದ್ದಿಗೆ ಬೀದಿಯ ಅರ್ಧ ಜನ ಬೆಳಿಗ್ಗೆ ಎದ್ದೇಳುತ್ತಿದ್ದರು. ಉಳಿದರ್ಧ ಜನ ಎದ್ದವರು ಬೈಯುವ ಸದ್ದಿಗೆ.

"ಮೊದಲು ಕೆಳಗಿಳಿಸಿ ಮೇಡಂ. ಅದರ ಉಸಿರು ಕಟ್ತಿದೆ."

"ಅದು ಅಲ್ಲ, ಅವನು. ದೊರೆ."

"ಯಾರು ದೊರೆ?"

"ಇವನೇ! ಇನ್ಯಾರು, ನೀವಾ?"

ನೆಲಕ್ಕಿಳಿದದ್ದೇ ತಡ, ದೊರೆ ನೆಟ್ಟಗೆ ಮೂಲೆಗೆ ಹೋಗಿ ಅಲ್ಲಿದ್ದ ಅಗಲ ಪಾತ್ರೆಗೆ ಬಾಯಿ ಹಾಕಿದ. ಲಪ ಲಪ ಲಪ... ಒಂದು ಕೆರೆಯನ್ನೇ ಬತ್ತಿಸುವ ಹಾಗೆ ಕುಡಿದ.

"ನೋಡಿ! ನಿಮ್ಮ ಕಣ್ಣೆದುರಿಗೇ ಕುಡೀತಿದಾನೆ!"

"ಅದು ಒಳ್ಳೇ ನೀರು ಮೇಡಂ. ಇವನಿಗೋಸ್ಕರಾನೇ ಇಟ್ಟಿದ್ದು. ಕಾಲು ನೀಲಿಯಾಗಿದ್ದು ಬಣ್ಣದ ಟ್ರೇ ತುಳಿದದ್ದಕ್ಕೆ. ತೊಳೆದರೆ ಹೋಗುತ್ತೆ."

"ಅಂದ್ರೆ ನನ್ನ ಬೆಕ್ಕನ್ನ ದಿನಾ ಇಲ್ಲಿಗೆ ಕರೆಸ್ಕೊಳ್ತಿದೀರಿ!"

"ನಾನು ಕರೆಸ್ಕೊಳ್ತಿಲ್ಲ. ಬಾಯಾರಿಕೆ ಕರ್ಕೊಂಡು ಬರ್ತಿದೆ." ಅವನು ಡಬ್ಬಿ ಕೆಳಗಿಟ್ಟ. "ಬೆಳಿಗ್ಗೆ ತುಂಬಿಸಿದ ಪಾತ್ರೆ ಮಧ್ಯಾಹ್ನಕ್ಕೆ ಖಾಲಿ. ಬೆನ್ನು ನೋಡಿ, ಮೂಳೆ ಎಣಿಸಬಹುದು. ಊಟ ಮಾಡ್ತಾನಾ?"

"ಮಾಡ್ತಾನೆ. ನನ್ನ ಪಾಲೂ ಸೇರಿಸಿ ಮಾಡ್ತಾನೆ."

"ಇಷ್ಟು ತಿಂದೂ ಸೊರಗ್ತಿದಾನೆ ಅಂದ್ರೆ... ಒಂದ್ಸಲ ಡಾಕ್ಟರಿಗೆ ತೋರಿಸಿ. ಬೈಯೋದು ಬಾಕಿ ಇದ್ರೆ ಆಮೇಲೆ ಬಂದು ಬೈಯಿರಿ. ಸಂಜೆವರೆಗೂ ಇಲ್ಲೇ ಇರ್ತೀನಿ."

ಅವಳು ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಕಣ್ಣು ದೊರೆಯ ಬೆನ್ನಿನ ಮೇಲೆ ಬಿತ್ತು.

'ಹೌದಲ್ಲ... ಇಷ್ಟು ಸಣ್ಣಗಾಗಿದ್ದು ಯಾವಾಗ? ದಿನಾ ನೋಡೋ ನನಗೆ ಯಾಕೆ ಕಾಣಲಿಲ್ಲ?'

ಬೆಕ್ಕನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಬೈಗುಳ ಹಾಗೇ ಉಳಿದುಹೋಯಿತು.

*

"ಸಕ್ಕರೆ ಕಾಯಿಲೆ," ಅಂದರು ಡಾಕ್ಟರಮ್ಮ.

"ಎರಡು ವರ್ಷದ ಬೆಕ್ಕಿಗಾ?!"

"ವಯಸ್ಸಾದ, ದಪ್ಪ ಬೆಕ್ಕುಗಳಿಗೆ ಜಾಸ್ತಿ. ಚಿಕ್ಕವಕ್ಕೆ ಅಪರೂಪ. ಬರೋದೇ ಇಲ್ಲ ಅಂತೇನಿಲ್ಲ. ಬೆಳಿಗ್ಗೆ ಒಂದು ಸೂಜಿ, ಸಂಜೆ ಒಂದು. ಹೊತ್ತು ತಪ್ಪಬಾರದು. ಚೆನ್ನಾಗಿ ನೋಡ್ಕೊಂಡ್ರೆ ಚೆನ್ನಾಗಿರ್ತಾನೆ. ಕೆಲವು ಬೆಕ್ಕುಗಳಿಗೆ ಒಂದಷ್ಟು ತಿಂಗಳಾದ ಮೇಲೆ ಸೂಜಿಯೇ ಬೇಡವಾಗೋದೂ ಉಂಟು."

ಡಾಕ್ಟರಮ್ಮ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಅವರು ನಕ್ಕದ್ದನ್ನು ನೋಡಿದವರು ಯಾರೂ ಬದುಕುಳಿದಿಲ್ಲ ಅಂತ ಪ್ರತೀತಿ. ಅಂದೇ ಅವಳಿಗೆ ಸೂಜಿ ಹಾಕುವುದನ್ನು ಕಲಿಸಿದರು. ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು, ಸಿರಿಂಜ್‌ಗೆ ತುಂಬಿಸಬೇಕು, ಕುತ್ತಿಗೆಯ ಹಿಂದೆ ಚರ್ಮ ಎತ್ತಿ ಚುಚ್ಚಬೇಕು.

ವಿಷಯ ಕೇಳಿ ಅಕ್ಕ ಫೋನಿನಲ್ಲೇ ಹಣೆ ಚಚ್ಚಿಕೊಂಡಳು.

"ಅಪ್ಪನಿಗೆ ಬಂದಿದ್ದು ಐವತ್ತು ದಾಟಿದ ಮೇಲೆ. ಇವನಿಗೆ ಎರಡಕ್ಕೇ ಬಂತಾ? ಯಾವುದರಲ್ಲೂ ನಿಧಾನ ಅನ್ನೋದಿಲ್ಲ ನಿನ್ನ ಬೆಕ್ಕಿಗೆ! ಅಲ್ಲ ಕಣೇ, ನಿನಗೊಂದು ಗಂಡು ಹುಡುಕೋಣ ಅಂತ ನಾನು ಒದ್ದಾಡ್ತಿದ್ರೆ, ನೀನು ಬೆಕ್ಕಿಗೆ ಸಿರಿಂಜ್ ಹುಡುಕ್ತಾ ಕೂತಿದೀಯ!"

ಮರುದಿನ ಅವಳು ಬಣ್ಣದಂಗಡಿಯ ಮೆಟ್ಟಿಲು ಹತ್ತಿದಳು. ಥ್ಯಾಂಕ್ಸ್ ಹೇಳಬೇಕೆಂದೇ ಹೋಗಿದ್ದು. ಆದರೆ ಮುಖ ನೋಡಿದ ಕೂಡಲೇ ಬಂದ ಮಾತೇ ಬೇರೆ.

"ನಿಮ್ಮಿಂದ ನನಗೆ ಖರ್ಚು ಜಾಸ್ತಿಯಾಯ್ತು."

"ಏನಂತೆ?"

"ಶುಗರ್."

ಅವನು ಕೈಲಿದ್ದ ಡಬ್ಬಿಯನ್ನು ಕೆಳಗಿಟ್ಟು ದೊರೆಯ ಪಾತ್ರೆಯ ಕಡೆ ನೋಡಿದ. ಅಯ್ಯೋ ಪಾಪ ಅನ್ನಲಿಲ್ಲ.

"ಸೂಜಿ ಹಾಕುವಾಗ ಹಿಡ್ಕೊಳ್ಳೋಕೆ ಇನ್ನೊಬ್ಬರು ಬೇಕಾಗುತ್ತಾ?"

ಬೇಕಾಗಿರಲಿಲ್ಲ. ದೊರೆ ಸೂಜಿಗೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

"ಬೇಕಾಗುತ್ತೆ," ಅಂದಳು ಅವಳು. "ಹುಲಿ ಥರ ಆಡ್ತಾನೆ."

ಹೀಗೆ ಆ ಬೀದಿಯ ಅತ್ಯಂತ ಸಾಧು ಬೆಕ್ಕನ್ನು ಹಿಡಿದುಕೊಳ್ಳಲು ಒಬ್ಬ ಗಟ್ಟಿ ಆಳು ದಿನಕ್ಕೆ ಎರಡು ಸಲ ಮೂರು ಮಹಡಿ ಹತ್ತತೊಡಗಿದ. ಹಿಡಿದುಕೊಂಡಿದ್ದು ಅರ್ಧ ನಿಮಿಷ. ಕೂತು ಮಾತಾಡಿದ್ದು ಮಾತ್ರ... ಬಿಡಿ, ಆ ಮಾತುಗಳನ್ನೆಲ್ಲ ಒಂದಕ್ಕೊಂದು ಕಟ್ಟಿದ್ದರೆ ಚಂದ್ರನಿಗೆ ಪರದೆ ಹಾಕಬಹುದಿತ್ತು.

ಅವಳು ಬಟ್ಟೆಯ ತುಣುಕು ಕೊಟ್ಟರೆ, ಅದಕ್ಕೆ ಒಪ್ಪುವ ಗೋಡೆಯ ಬಣ್ಣವನ್ನು ಅವನು ಕಣ್ಣಳತೆಯಲ್ಲೇ ಬೆರೆಸಿ ತರುತ್ತಿದ್ದ. ಅವಳ ಹಳೇ ಹೊಲಿಗೆ ಮೆಷಿನ್ ಗರಗರ ಅಂದಾಗ "ಇದಕ್ಕೂ ಒಂದು ಸೂಜಿ ಬೇಕು ಅನ್ಸುತ್ತೆ" ಅನ್ನುತ್ತಿದ್ದ. ದಪ್ಪ ಬಟ್ಟೆಗೆ ಆ ಮೆಷಿನ್ ಸೋಲುತ್ತಿತ್ತು. ಹೊಸದಕ್ಕೆಂದು ಅವಳು ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಕೂಡಿಡುತ್ತಿದ್ದದ್ದು ಅವನಿಗೂ ಗೊತ್ತಿತ್ತು.

'ಇವರು ಬರೋ ಹೊತ್ತಿಗೆ ನಾನು ಯಾಕೆ ಕನ್ನಡಿ ನೋಡ್ಕೊಳ್ತಿದೀನಿ? ಬರೋದು ಬೆಕ್ಕಿಗೋಸ್ಕರ ತಾನೇ...' ಅಂದುಕೊಳ್ಳುತ್ತಾ ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದಳು.

*

ಅಷ್ಟರಲ್ಲಿ ದೊಡ್ಡ ಕೆಲಸವೊಂದು ಬಂತು. ದೂರದ ಊರಿನಲ್ಲಿ ಹೊಸ ಹೋಟೆಲು. ಅದರ ಕಿಟಕಿಗಳಿಗೆಲ್ಲ ಪರದೆ. ಒಂದು ವಾರ ಅಲ್ಲೇ ಇದ್ದು ತೂಗುಹಾಕಿಸಬೇಕು.

"ಹೋಗಿ ಬನ್ನಿ," ಅಂದ ಅವನು. "ದೊರೆ ನನ್ನ ಹತ್ತಿರ ಇರ್ಲಿ. ಎರಡು ಹೊತ್ತೂ ನಾನು ಹಾಕ್ತೀನಿ. ತೋರಿಸ್ಕೊಡಿ."

ಅವಳು ತೋರಿಸಿದಳು. ಬಾಟಲಿಯನ್ನು ಅಂಗೈಗಳ ನಡುವೆ, ಚಳಿಗೆ ಕೈ ಉಜ್ಜಿಕೊಳ್ಳುವ ಹಾಗೆ, ಮೆಲ್ಲಗೆ ಉರುಳಿಸಿದಳು. ಅವನು ಬಾಟಲಿಯ ತಳದಲ್ಲಿ ಬೆಳ್ಳಗೆ ಕೂತಿದ್ದ ಗಸಿಯನ್ನೇ ನೋಡುತ್ತಿದ್ದ. ಏನೋ ಹೇಳಲು ಹೊರಟು ಸುಮ್ಮನಾದ.

"ಒಂದು ಹೊತ್ತೂ ತಪ್ಪಬಾರದು," ಅಂದಳು.

"ಸೂರ್ಯ ತಪ್ಪಿಸಿದ್ರೂ ನಾನು ತಪ್ಪಿಸಲ್ಲ."

ವಾರದ ನಡುವೆ ಫೋನು ಮಾಡಿದಾಗ ಅವನ ದನಿ ಸ್ವಲ್ಪ ಸಪ್ಪೆಯಾಗಿತ್ತು.

"ಸೂಜಿ ಎರಡೂ ಹೊತ್ತು ಆಗ್ತಿದೆ. ಆದರೆ ಒಂಥರಾ ಮಂಕಾಗಿದಾನೆ. ನಿಮ್ಮನ್ನ ನೆನೆಸ್ಕೊಂಡಿರಬೇಕು."

ಅವಳು ನಕ್ಕಳು. "ಇನ್ನು ಮೂರೇ ದಿನ, ಬಂದುಬಿಡ್ತೀನಿ ಅಂತ ಹೇಳಿ."

ಬಂದಳು. ಚೀಲವನ್ನೂ ಕೆಳಗಿಡದೆ ನೇರ ಅಂಗಡಿಗೇ ಬಂದಳು.

ದೊರೆ ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಮಗ್ಗುಲಾಗಿ ಮಲಗಿದ್ದ. ಕರೆದರೆ ತಲೆ ಎತ್ತಲಿಲ್ಲ. ಉಸಿರು ಜೋರಾಗಿ, ಆಳವಾಗಿ ಏಳುತ್ತಿತ್ತು.

"ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ," ಅಂದ ಅವನು. "ನೀವು ಬರೋ ಹೊತ್ತಾಯ್ತು ಅಂತ ಕಾಯ್ತಿದ್ದೆ..."

ಅವಳು ಬಾಗಿ ದೊರೆಯ ಮುಖಕ್ಕೆ ಮುಖ ತಂದಳು. ಥಟ್ಟನೆ ಹಿಂದೆ ಸರಿದಳು.

"ಥಿನ್ನರ್! ಇವನ ಬಾಯಲ್ಲಿ ಥಿನ್ನರ್ ವಾಸನೆ ಬರ್ತಿದೆ! ಏನು ಕುಡಿದ ಇವನು? ಏನು ಕುಡಿಯೋಕೆ ಬಿಟ್ರಿ?!"

ಅವನು ಗಾಬರಿಯಿಂದ ಮೂಸಿದ. ಮತ್ತೆ ಮೂಸಿದ.

"ನನಗೇನೂ... ಗೊತ್ತಾಗ್ತಿಲ್ಲ."

ಗೊತ್ತಾಗುವುದಾದರೂ ಹೇಗೆ? ಅವನ ಅಂಗಿ, ಕೈ, ಅಂಗಡಿಯ ಗಾಳಿ ಎಲ್ಲವೂ ಬಣ್ಣ ತೆಳುಮಾಡುವ ಥಿನ್ನರ್. ಆ ವಾಸನೆ ಅವನ ಮೂಗಿಗೆ ತಟ್ಟದೆ ಎಷ್ಟೋ ವರ್ಷಗಳಾಗಿದ್ದವು.

*

"ಥಿನ್ನರ್ ಕುಡಿದಿಲ್ಲ," ಅಂದರು ಡಾಕ್ಟರಮ್ಮ, ರಕ್ತ ಪರೀಕ್ಷೆ ಮುಗಿಸಿ. "ಇನ್ಸುಲಿನ್ ಸಾಲದೇ ಹೋದಾಗ ಮೈ ಸಕ್ಕರೆ ಬಿಟ್ಟು ಕೊಬ್ಬನ್ನ ಸುಡೋಕೆ ಶುರು ಮಾಡುತ್ತೆ. ರಕ್ತ ಹುಳಿಯಾಗುತ್ತೆ. ಉಸಿರಿಗೆ ಈ ವಾಸನೆ ಬರುತ್ತೆ. ಈ ವಾರ ಸೂಜಿ ತಪ್ಪಿತ್ತಾ?"

ಅವಳು ಅವನ ಕಡೆ ತಿರುಗಿದಳು.

"ಇಲ್ಲ," ಅಂದ ಅವನು. "ಒಂದು ಹೊತ್ತೂ ಇಲ್ಲ."

"ಸರಿಯಾಗಿ ಇನ್ಸುಲಿನ್ ಹೋಗಿದ್ರೆ ಒಂದೇ ವಾರಕ್ಕೆ ಹೀಗಾಗೋದು ಕಷ್ಟ. ಬೇರೆ ಕಾರಣಾನೂ ಇರಬಹುದು. ಈಗ ಅದನ್ನ ಹುಡುಕೋ ಹೊತ್ತಲ್ಲ."

ಆದರೆ ಅವಳು ಆಗಲೇ ಕಾರಣ ಹುಡುಕಿ ಆಗಿತ್ತು. ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿದಳು.

"ಮರೆತೆ ಅಂದಿದ್ರೆ ಸಿಟ್ಟು ಮಾಡ್ತಿದ್ದೆ, ಆಮೇಲೆ ಕ್ಷಮಿಸ್ತಿದ್ದೆ. ಅಂಗಡೀಲಿ ಗಿರಾಕಿ ಇದ್ರು, ಹೊತ್ತು ಮೀರಿತು, ಏನಾದ್ರೂ ಒಂದು ಹೇಳಿ!"

"ಮರೆತಿಲ್ಲ."

"ಹಾಗಾದ್ರೆ ಆ ಇನ್ಸುಲಿನ್ ಎಲ್ಲಿ ಹೋಯ್ತು?"

"ಗೊತ್ತಿಲ್ಲ. ನಾನು ಹಾಕಿದೀನಿ."

"ಫೋನಲ್ಲಿ ಸುಳ್ಳು ಹೇಳಿದ್ರಿ. ಈಗ ಮುಖ ನೋಡ್ಕೊಂಡು ಹೇಳ್ತಿದೀರಿ."

ಅವನ ಮುಖ ಬಣ್ಣ ಕಳೆದುಕೊಂಡಿತು. ಹೊರಗಿನ ಬೆಂಚಿಗೆ ಹೋಗಿ ಕೂತ.

ಒಳಗೆ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ದೊಡ್ಡ ಮಾತು ಆಡುವ ಮುಂಚೆ ಅವರು ಹಾಗೇ ಮಾಡುತ್ತಿದ್ದದ್ದು.

"ಬಿಡಿಸಿ ಹೇಳ್ತೀನಿ ಕೇಳಿ. ಇಲ್ಲೇ ಇರಿಸ್ಕೊಂಡು ಡ್ರಿಪ್ ಹಾಕಬೇಕು, ಗಂಟೆಗಂಟೆಗೆ ಶುಗರ್ ನೋಡಬೇಕು. ನಾಲ್ಕೈದು ದಿನ. ಖರ್ಚು ಜಾಸ್ತಿಯಾಗುತ್ತೆ, ಮತ್ತೆ ಗ್ಯಾರಂಟಿ ಕೊಡೋಕಾಗಲ್ಲ. ವಯಸ್ಸು ಚಿಕ್ಕದು, ಅದೊಂದು ಅವನ ಕಡೆಗಿದೆ. ಮನೆಗೆ ಕರ್ಕೊಂಡು ಹೋದ್ರೆ ಉಳಿಯಲ್ಲ. ಇನ್ನೊಂದು ದಾರಿ, ನೋವಿಲ್ಲದೆ ಮಲಗಿಸಿಬಿಡೋದು. ಅದನ್ನ ಆರಿಸ್ಕೊಂಡ್ರೂ ನಾನು ನಿಮ್ಮನ್ನ ಕೆಟ್ಟೋರು ಅನ್ನಲ್ಲ. ಆದರೆ ಈಗಲೇ ಹೇಳಬೇಕು."

ಖರ್ಚು ಎಷ್ಟು ಅಂತ ಕೇಳಿದಳು. ಹೇಳಿದರು. ಆ ಮೊತ್ತ ಕೇಳಿ ಗೋಡೆ ಗಡಿಯಾರ ಒಂದು ಕ್ಷಣ ನಿಂತೇ ಹೋಯಿತು.

ಅಕ್ಕನಿಗೆ ಫೋನು ಮಾಡಿದಳು.

"ಆ ದುಡ್ಡಿಗೆ ಹೊಸ ಮೆಷಿನ್ನೇ ಬರುತ್ತಲ್ಲೇ!" ಅಂದಳು ಅಕ್ಕ.

"ಅದೇ ದುಡ್ಡು ಅಕ್ಕಾ."

ಅಕ್ಕ ಕೇಳಿದಳು. "ಮೆಷಿನ್ ಇಲ್ಲದೆ ಎಷ್ಟು ದಿನ ದೂಡ್ತೀಯ?"

"ಇಷ್ಟು ದಿನ ದೂಡಿಲ್ವಾ?"

"ಮತ್ತೆ ನನ್ನನ್ನ ಏನಂತ ಕೇಳ್ತಿದೀಯ? ನೀನಾಗಲೇ ತೀರ್ಮಾನ ಮಾಡಿ ಆಗಿದೆ. ನನ್ನ ಕೈಲಿ ಬೈಸ್ಕೊಳ್ಳೋಕೆ ಫೋನ್ ಮಾಡಿದೀಯ, ಅಷ್ಟೇ. ಬೈದೆ ಅಂದ್ಕೋ. ಹೋಗು, ಅವನನ್ನ ನೋಡ್ಕೋ."

ಅವಳು ಒಳಗೆ ಬಂದು ಮೇಜಿನ ಮುಂದೆ ನಿಂತಳು.

"ಮೆಷಿನ್ ದುಡ್ಡಿದೆ ಡಾಕ್ಟರ್. ಅದು ಮುಗಿಯೋವರೆಗೂ ನೋಡೋಣ. ಅದರಾಚೆ ಸಾಲ ಮಾಡಲ್ಲ. ಅದಕ್ಕೂ ಮುಂಚೆ ಅವನು ನರಳ್ತಿದಾನೆ ಅಂತ ನಿಮಗೆ ಅನ್ಸಿದ್ರೆ, ನನ್ನ ಮುಖ ನೋಡಿ ಸುಮ್ಮನಾಗಬೇಡಿ. ಹೇಳಿಬಿಡಿ."

ಡಾಕ್ಟರಮ್ಮ ತಲೆಯಾಡಿಸಿದರು. "ಆಯ್ತು. ಅವನ ಕೈ ಕೊಡಿ ಇಲ್ಲಿ."

ದೊರೆಯ ಮುಂಗೈಯ ಕೂದಲನ್ನು ಬೋಳಿಸಿ ಡ್ರಿಪ್ ಚುಚ್ಚಿದರು. ಉಗುರಿನ ಸಂದಿಯಲ್ಲಿ ಇನ್ನೂ ಒಂದು ಚೂರು ನೀಲಿ ಬಣ್ಣ ಉಳಿದಿತ್ತು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಅದನ್ನು ನೋಡಿ ಅತ್ತುಬಿಟ್ಟಳು.

*

ಆ ಬೆಂಚಿನ ವಿಷಯ ಹೇಳಲೇಬೇಕು. ಆಸ್ಪತ್ರೆಯ ಬಾಗಿಲಿನ ಪಕ್ಕದಲ್ಲಿ, ಒಂದು ಕಾಲು ಗಿಡ್ಡವಾದ ಮರದ ಬೆಂಚು. ಕೂತವರನ್ನೆಲ್ಲ ಎತ್ತಿ ಎಸೆಯುವುದಕ್ಕೇ ಹುಟ್ಟಿದ್ದು. ಬಣ್ಣದವನು ದಿನಾ ಅಂಗಡಿಯ ಬಾಗಿಲೆಳೆದು ಬಂದು ಅದರ ಮೇಲೆ ಕೂರುತ್ತಿದ್ದ.

ಅವಳು ಅವನ ಮುಂದೆಯೇ ಹೋಗುತ್ತಿದ್ದಳು, ಬರುತ್ತಿದ್ದಳು. ಮಾತಿಲ್ಲ.

ಒಂದು ಸಲ ಅವನೇ ಎದ್ದು ನಿಂತ.

"ಖರ್ಚಲ್ಲಿ ಅರ್ಧ ನಾನು ಕೊಡ್ತೀನಿ."

"ನಿಮ್ಮ ದುಡ್ಡು ಬೇಡ. ನಿಜ ಬೇಕು."

"ಅದನ್ನ ಆಗಲೇ ಕೊಟ್ಟಿದೀನಿ."

ಅವಳು ಮುಂದೆ ಹೋದಳು. ಆದರೆ ಆ ಮಾತು ಹೆಜ್ಜೆಗೆ ತೊಡರಿಕೊಂಡಿತು. 'ಸುಳ್ಳು ಹೇಳೋರು ಇಷ್ಟು ದಿನ ಇಲ್ಲಿ ಬಂದು ಯಾಕೆ ಕೂರ್ತಾರೆ? ತಪ್ಪಿತಸ್ಥ ಭಾವನೇನಾ? ಅಥವಾ... ಇಲ್ಲ. ಸೂಜಿ ಹಾಕಿದ್ರೆ ದೊರೆ ಹೀಗ್ಯಾಕೆ ಮಲಗ್ತಿದ್ದ?'

ದೊರೆಯ ಶುಗರ್ ಇಳಿಯತೊಡಗಿತ್ತು. ಉಸಿರಿನ ವಾಸನೆ ಹೋಗಿತ್ತು. ಇನ್ನೇನು ಎದ್ದ ಅನ್ನುವಷ್ಟರಲ್ಲಿ ಕುತ್ತಿಗೆ ಎತ್ತಲಾಗದೆ ಗದ್ದವನ್ನು ನೆಲಕ್ಕೆ ಊರಿ ಮಲಗಿಬಿಟ್ಟ.

"ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ," ಅಂದರು ಡಾಕ್ಟರಮ್ಮ. "ಈ ಚಿಕಿತ್ಸೇಲಿ ಹೀಗಾಗೋದುಂಟು. ಡ್ರಿಪ್‌ನಲ್ಲೇ ಕೊಡ್ತಿದೀನಿ. ನೀವು ಹೇಳಿದ ದುಡ್ಡು ನಾಳೆಗೆ ಮುಗಿಯುತ್ತೆ."

"ನರಳ್ತಿದಾನಾ?"

"ಸುಸ್ತಾಗಿದಾನೆ. ನರಳ್ತಿಲ್ಲ."

"ಹಾಗಾದ್ರೆ ನಾಳೆವರೆಗೂ."

ಮರುದಿನ ಬೆಳಿಗ್ಗೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದಾಗಲೇ ಫೋನು ಬಂತು.

"ನಿಮ್ಮ ದೊರೆ ನನ್ನನ್ನ ಕಚ್ಚಿದ," ಅಂದರು ಡಾಕ್ಟರಮ್ಮ.

"ಅಯ್ಯೋ! ಏನಾಯ್ತು ಡಾಕ್ಟರ್?"

"ಬೇಯಿಸಿದ ಮೀನು ಕೈಲಿಟ್ಟು ಕೊಟ್ಟೆ. ಮೀನೂ ತಿಂದ, ಬೆರಳೂ ತಿಂದ. ತಲೆ ಎತ್ತಿ ಕೂತಿದಾನೆ. ಬನ್ನಿ."

ಅವಳು ತಿರುಗಿ ಬೆಂಚಿನ ಕಡೆಗೆ ಓಡಿದಳು.

"ಕಚ್ಚಿದ! ರೀ, ಕಚ್ಚಿದ ಕಣ್ರೀ! ತಲೆ ಎತ್ತಿದಾನಂತೆ!"

ಅವನು ಧಡಕ್ಕನೆ ಎದ್ದ. ಬೆಂಚು ಎಗರಿಬಿತ್ತು. ಅವಳು ಅವನ ಎರಡೂ ಕೈ ಹಿಡಿದು ಕುಣಿಯುತ್ತಿದ್ದಳು... ಆಮೇಲೆ ನೆನಪಾಯಿತು, ತಾನು ಇವನೊಂದಿಗೆ ಮಾತು ಬಿಟ್ಟಿದ್ದೇನೆ ಅಂತ. ಕೈ ಬಿಟ್ಟಳು. ಸೆರಗಿಲ್ಲದ ಡ್ರೆಸ್ಸಿನಲ್ಲಿ ಸೆರಗು ಸರಿಮಾಡಿಕೊಂಡಳು. ಒಳಗೆ ಹೋದಳು.

*

ಡಾಕ್ಟರಮ್ಮನದು ಒಂದು ಪದ್ಧತಿ. ಶುಗರ್ ಇರುವ ಬೆಕ್ಕನ್ನು ಮನೆಗೆ ಕಳಿಸುವ ಮುಂಚೆ, ಸೂಜಿ ಹಿಡಿಯುವವರೆಲ್ಲ ಅವರ ಎದುರಿಗೆ ಒಂದು ಸಲ ಮಾಡಿ ತೋರಿಸಬೇಕು.

ಅವಳು ತೋರಿಸಿದಳು. ಸರಿಯಾಗಿತ್ತು.

"ಇನ್ಯಾರು ಹಾಕೋರು?"

"ಇನ್ನು ನಾನೊಬ್ಬಳೇ."

"ನಿಮಗೆ ಜ್ವರ ಬಂದ್ರೆ? ಆ ಬೆಂಚಿನ ಮೇಲಿರೋರು ಯಾರು? ಐದು ದಿನದಿಂದ ಅದರ ಮೇಲಿಂದ ಬೀಳದೆ ಕೂತಿದಾರೆ ಅಂದ್ರೆ ತಾಳ್ಮೆ ಇರೋ ಮನುಷ್ಯಾನೇ. ಕರೀರಿ."

ಅವಳು ಕರೆಯಲಿಲ್ಲ. ಡಾಕ್ಟರಮ್ಮನೇ ಕರೆದರು.

ಬಣ್ಣದವನು ಒಳಗೆ ಬಂದ. ಮೇಜಿನ ಮೇಲೆ ಮಡಚಿಟ್ಟ ಟವೆಲ್ಲು, ಸಿರಿಂಜ್, ಬಾಟಲಿ. ಇದು ಬೆಕ್ಕು ಅಂದ್ಕೊಂಡು ಹಾಕಿ ಅಂದರು ಡಾಕ್ಟರಮ್ಮ.

ಅವನು ಕೈ ತೊಳೆದುಕೊಂಡ. ಬಾಟಲಿ ಎತ್ತಿದ. ಬೆಳಕಿಗೆ ಹಿಡಿದು ತಳ ನೋಡಿದ. ಕಾಲು ಅಗಲಿಸಿ ನಿಂತ. ಮೊಣಕೈ ಎತ್ತಿ,

ಕಟ ಕಟ ಕಟ ಕಟ ಕಟ!

"ನಿಲ್ಸೀ!!"

ಡಾಕ್ಟರಮ್ಮ ಕಿರುಚಿದ್ದಕ್ಕೆ ಪಕ್ಕದ ಕೋಣೆಯ ನಾಯಿಗಳೆಲ್ಲ ಬೊಗಳುವುದನ್ನು ನಿಲ್ಲಿಸಿದವು. ಬಾಟಲಿ ಕಿತ್ತುಕೊಂಡರು. ಅದರೊಳಗೆ ಕುತ್ತಿಗೆಯವರೆಗೂ ನೊರೆ.

"ದಿನಾ ಹೀಗೇ ಮಾಡ್ತಿದ್ರಾ?"

"ಹೌದು ಡಾಕ್ಟರ್," ಅಂದ ಅವನು, ಇನ್ನೂ ಏನೂ ಅರ್ಥವಾಗದೆ. "ಇವರು ಮೆಲ್ಲಗೆ ಉರುಳಿಸ್ತಿದ್ರು. ಮೆತ್ತಗಿನ ಕೈ, ಪಾಪ, ತಳದಲ್ಲಿ ಕೂತಿದ್ದು ಅಷ್ಟಕ್ಕೆ ಏಳಲ್ಲ ಅನ್ನಿಸ್ತು. ತಳ ಎಬ್ಬಿಸದೆ ಕೊಟ್ರೆ ಯಾವ ಬಣ್ಣಾನೂ ಗೋಡೆಗೆ ಹಿಡಿಯಲ್ಲ. ದೊರೆಗೆ ಮೇಲಿನ ನೀರು ಮಾತ್ರ ಹೋಗಬಾರದು ಅಂತ... ಡಬ್ಬಿಗಿಂತ ಜಾಸ್ತೀನೇ ಕುಲುಕ್ತಿದ್ದೆ."

"ಇದನ್ನ ಹೀಗೆ ಕುಲುಕಿದ್ರೆ ಕೆಟ್ಟುಹೋಗುತ್ತೆ. ಮೇಲಿಂದ ಈ ನೊರೆ. ಸಿರಿಂಜ್‌ಗೆ ಬಂದಿದ್ದು ಅರ್ಧ ಗಾಳಿ. ನೀವು ಸೂಜಿ ತಪ್ಪಿಸಿಲ್ಲ ಕಣ್ರಿ. ಎರಡು ಹೊತ್ತೂ ಹಾಕಿದೀರಿ. ಅದರೊಳಗೆ ಔಷಧಿ ಇರಲಿಲ್ಲ, ಅಷ್ಟೇ."



ಅವಳು ಅವನನ್ನು ನೋಡಿದಳು. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

'ಸುಳ್ಳು ಹೇಳಿರಲಿಲ್ಲ... ಒಂದು ಹೊತ್ತೂ ತಪ್ಪಿಸಿರಲಿಲ್ಲ...'

"ನೀವು ಅಂದಿದ್ದೇ ವಾಸಿಯಿತ್ತು," ಅಂದ ಅವನು ಮೆಲ್ಲಗೆ. "ಸುಳ್ಳುಗಾರ ಆಗಿದ್ರೆ ಒಂದೆರಡು ಹೊತ್ತು ಮಾತ್ರ ಹಾಳಾಗ್ತಿತ್ತು. ನಾನು ಶ್ರದ್ಧೆಯಿಂದ, ಎಲ್ಲಾ ಹೊತ್ತೂ ಹಾಳು ಮಾಡಿದೀನಿ."

"ಹಾಗಲ್ಲ, ನಾನೂ..."

ಅವನು ಕೇಳಿಸಿಕೊಳ್ಳಲಿಲ್ಲ. ದೊರೆಯ ತಲೆಯನ್ನು ಒಂದು ಸಲ ಸವರಿ ಹೊರಟುಹೋದ.

*

ಮರುದಿನ ಬೆಳಿಗ್ಗೆ ಸೂಜಿಯ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಆಗಲಿಲ್ಲ. ಸಂಜೆಯೂ ಇಲ್ಲ. ಅದರ ಮರುದಿನವೂ ಇಲ್ಲ. ಎದುರಿನ ಅಂಗಡಿಯಿಂದ ಗಟ್ ಗಟ್ ಸದ್ದು ಕೂಡ ಬರಲಿಲ್ಲ. ಬೀದಿಯವರೆಲ್ಲ ಹೊತ್ತೇರುವವರೆಗೂ ಮಲಗಿಬಿಟ್ಟರು.

ಅವಳು ಹೇಳಬೇಕಾದ ಕ್ಷಮೆಯನ್ನು ಮನಸ್ಸಿನಲ್ಲೇ ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಯಾವುದೂ ಸರಿ ಕೂರಲಿಲ್ಲ. ಕೊನೆಗೆ ದೊರೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಹೊಸ ಬಾಟಲಿ ಹಿಡಿದು ಬೀದಿ ದಾಟಿದಳು.

"ನನ್ನ ಬೆಕ್ಕಿಗೆ ಸೂಜಿ ಹಾಕೋದು ಬಿಟ್ಟೋರು ಯಾರು?!"

ಡಬ್ಬಿಗಳು ಮತ್ತೆ ನಡುಗಿದವು. ಅವುಗಳಿಗೆ ಈಗ ಅಭ್ಯಾಸವಾಗಿತ್ತು.

ಅವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದ. ಮುಂದೆ ತೆರೆದ ಡಬ್ಬಿ, ಕೈಯಲ್ಲೊಂದು ಕೋಲು. ಮೆಲ್ಲಗೆ ತಿರುವುತ್ತಿದ್ದ.

"ನನ್ನ ಕೈ ನೋಡಿ ಹೇಳಿ," ಅಂದ. "ಈ ಕೈಗೆ ಮತ್ತೆ ಆ ಬಾಟಲಿ ಕೊಡ್ತೀರಾ?"

"ಕೊಡೋಕೇ ಬಂದಿದೀನಿ. ಹಿಡೀರಿ."

"ದೊರೆ ಸಾಯ್ತಿದ್ದ, ನನ್ನಿಂದ."

"ಹೌದು." ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. "ಕುಲುಕಬಾರದು ಅಂತ ನಾನೂ ಹೇಳಿರಲಿಲ್ಲ. ಉರುಳಿಸಿ ತೋರಿಸಿದೆ, ಅಷ್ಟೇ. ಆಮೇಲೆ ನಿಮ್ಮನ್ನ ಸುಳ್ಳುಗಾರ ಅಂದೆ, ಅದೂ ಎರಡೆರಡು ಸಲ. ನಿಮ್ಮದು ಕೈ ತಪ್ಪು, ನನ್ನದು ಬಾಯಿ ತಪ್ಪು. ಕ್ಷಮಿಸ್ತೀರಾ?"

ಅವನು ಬಣ್ಣ ಮೆತ್ತಿದ ಅಂಗೈ ಚಾಚಿದ. ಅವಳು ಬಾಟಲಿಯನ್ನು ಅದರ ಮೇಲಿಟ್ಟಳು. ಅವನ ಇನ್ನೊಂದು ಕೈಯನ್ನು ತಾನೇ ಎಳೆದು ಮೇಲೆ ಮುಚ್ಚಿದಳು. ಆ ಎರಡೂ ಕೈಗಳನ್ನು ತನ್ನ ಕೈಗಳಿಂದ ಹಿಡಿದಳು.

"ಉರುಳಿಸಿ. ಮೆಲ್ಲಗೆ."

ಅವನು ಉರುಳಿಸಿದ.

"ಇನ್ನೂ ಮೆಲ್ಲಗೆ."

"ಇಷ್ಟಾ?"

"ಇನ್ನೂ..."

ತಳದ ಬಿಳಿ ಗಸಿ ಹೊಗೆಯ ಎಳೆಯ ಹಾಗೆ ಎದ್ದು, ಒಂದು ಗುಳ್ಳೆಯೂ ಇಲ್ಲದೆ ನೀರಲ್ಲಿ ಬೆರೆಯಿತು. ಬೆರೆತು ಎಷ್ಟೋ ಹೊತ್ತಾದರೂ ಇಬ್ಬರೂ ಉರುಳಿಸುವುದನ್ನು ನಿಲ್ಲಿಸಲಿಲ್ಲ. ಆ ಹೊತ್ತಿನಲ್ಲಿ ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಮುಗಿಸಿ ಬಂದಿದ್ದರೂ ನಾನು ಆಶ್ಚರ್ಯ ಪಡುತ್ತಿರಲಿಲ್ಲ.

"ಒಂದು ಸುಳ್ಳು ಮಾತ್ರ ಹೇಳಿದ್ದೆ," ಅಂದ ಅವನು.

ಅವಳ ಕೈ ನಿಂತಿತು. "ಏನು?"

"ನಿಮ್ಮನ್ನ ನೆನೆಸ್ಕೊಂಡು ದೊರೆ ಮಂಕಾಗಿದಾನೆ ಅಂತ ಫೋನಲ್ಲಿ ಹೇಳಿದ್ನಲ್ಲ... ದೊರೆದು ಶುಗರ್ರು. ನೆನೆಸ್ಕೊಂಡು ಮಂಕಾಗಿದ್ದು ನಾನು."

ಅವಳು ತಲೆ ತಗ್ಗಿಸಿದಳು. ನಗು ತಡೆಯಲೋ, ಅಳು ತಡೆಯಲೋ... ಎರಡೂ ಒಟ್ಟಿಗೇ ಬಂದವು.

"ಹಾಗಾದ್ರೆ ನನ್ನದೂ ಒಂದು ಸುಳ್ಳಿದೆ."

"ಏನು?"

"ಸೂಜಿ ಹಾಕುವಾಗ ದೊರೆ ಹುಲಿ ಥರ ಆಡ್ತಾನೆ ಅಂದಿದ್ದೆ. ಅವನು ಯಾವತ್ತೂ ಅಲ್ಲಾಡಿಲ್ಲ. ಹಿಡ್ಕೊಳ್ಳೋಕೆ ಯಾರೂ ಬೇಕಾಗಿರಲಿಲ್ಲ."

"ಗೊತ್ತಿತ್ತು," ಅಂದ ಅವನು. "ಮೊದಲನೇ ದಿನಾನೇ ಗೊತ್ತಾಯ್ತು. ಅವನು ನಿದ್ದೆ ಮಾಡ್ತಿದ್ದ."

ಇಬ್ಬರೂ ನಕ್ಕರು. ದೊರೆ ಗಲ್ಲಾಪೆಟ್ಟಿಗೆಯ ಮೇಲೆ ಕೂತು, ಸೂಜಿಯ ಹೊತ್ತು ಮೀರುತ್ತಿದೆ ಎನ್ನುವವನಂತೆ ಒಮ್ಮೆ ಮಿಯಾಂವ್ ಅಂದ. ಅವನು ಸಿರಿಂಜ್ ತುಂಬಿಸಿದ, ಕುತ್ತಿಗೆಯ ಚರ್ಮ ಎತ್ತಿದ, ಚುಚ್ಚಿದ. ದೊರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಆಮೇಲೆ ಅವನು ಸಿರಿಂಜಿನ ಮುಚ್ಚಳ ಹಾಕುತ್ತಾ, ಅವಳನ್ನು ನೋಡದೆ, ಕೇಳಿದ.

"ಡಾಕ್ಟರಮ್ಮ ಏನೋ ಅಂದಿದ್ರಲ್ಲ... ಒಂದಷ್ಟು ತಿಂಗಳಾದ ಮೇಲೆ ಕೆಲವು ಬೆಕ್ಕುಗಳಿಗೆ ಸೂಜಿ ಬೇಡವಾಗುತ್ತೆ ಅಂತ."

"ಹೌದು. ಇವನಿಗೂ ಆಗಬಹುದು."

"ಆಗ್ಲಿ, ಆಗ್ಲಿ. ಆಗಬೇಕು." ಅವನು ಮುಚ್ಚಳವನ್ನು ಎರಡನೇ ಸಲ ಒತ್ತಿದ. "ಆಗ... ಬೆಳಿಗ್ಗೆ, ಸಂಜೆ... ನಾನು ಏನು ಅಂತ ಮೇಲೆ ಬರಲಿ?"

ಅವಳು ದೊರೆಯನ್ನು ಎತ್ತಿ ಅವನ ತೋಳಿಗೆ ಹಾಕಿದಳು. ಥಿನ್ನರ್ ವಾಸನೆ ಬಂತು. ಈ ಸಲ ಅದು ಅವನ ಅಂಗಿಯದ್ದು. ಅವಳು ಹಿಂದೆ ಸರಿಯಲಿಲ್ಲ.

"ಏನಂತಾನೂ ಬರೋದು ಬೇಡ," ಅಂದಳು. "ಸುಮ್ನೆ ಬಾ."